ಕೆರೆಯ ಮೀನು ಸತ್ತ ಎರಡು ಬೇಸಿಗೆ

ನಮ್ಮೂರಿನ ಕೆರೆ ಸಂಘದ ಅಧ್ಯಕ್ಷನನ್ನು ನಾನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಎದುರಿಗೆ ಸಿಕ್ಕರೆ 'ರಿ' ಹಚ್ಚಿಯೇ ಮಾತಾಡುತ್ತೇನೆ, ನಮ್ಮ ಕಡೆ ನಾಲಿಗೆಗೆ ಅದು ರೂಢಿ. ಕಾಗದದ ಮೇಲೂ ಆ ಮರ್ಯಾದೆ ಕೊಡು ಎಂದರೆ ನನ್ನ ಕೈ ಕೇಳುವುದಿಲ್ಲ.

ನಾನು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ ಅದು. ನಮ್ಮೂರು ತಿಳವಳ್ಳಿಯಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಅಪ್ಪ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅವ್ವ ರಟ್ಟೀಹಳ್ಳಿ ಕಡೆಯವಳು. ಅಪ್ಪ ಹೋದ ಮೇಲೆ ಈ ಊರಿನಲ್ಲಿ ಅವಳಿಗೆ ನನ್ನನ್ನು ಬಿಟ್ಟರೆ ತನ್ನವರು ಅಂತ ಯಾರೂ ಇರಲಿಲ್ಲ. ಹೊಲವೂ ಇರಲಿಲ್ಲ. ಮಳೆಗಾಲದಲ್ಲಿ ಗೋವಿನಜೋಳದ ಹೊಲಗಳಿಗೆ, ಬೇಸಿಗೆಯಲ್ಲಿ ಅಧ್ಯಕ್ಷನ ಮೆಣಸಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಗಿಡಕ್ಕೆ ಎಣ್ಣೆ ಹೊಡೆಯುವ ಕೆಲಸ ಗಂಡಸರದು. ನಮ್ಮ ಕಡೆ ಬೆಳೆಗೆ ಹೊಡೆಯುವ ಎಲ್ಲ ಔಷಧಕ್ಕೂ ಎಣ್ಣೆ ಅಂತಲೇ ಹೆಸರು. ಅವರಿಗೆ ಕೊಡ ಕೊಡ ನೀರು ಹೊತ್ತು ಕೊಡುವುದು, ಸಂಜೆ ಎಣ್ಣೆ ಹೊಡೆದ ಪಂಪು ತೊಳೆದಿಡುವುದು ಅವ್ವನ ಕೆಲಸ.

ಎರಡು ದಿನ ಮೋಡ ಕವಿದು, ಮಳೆಯೂ ಬಾರದೆ, ಮೈಯೆಲ್ಲ ಅಂಟಂಟಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಕೆರೆಯ ದಂಡೆಯ ಉದ್ದಕ್ಕೂ ಬೆಳ್ಳಗೆ ಮೀನು ತೇಲುತ್ತಿದ್ದವು. ತೋಳಿನಷ್ಟು ದೊಡ್ಡ ಕಾಟ್ಲಾ, ರೋಹು, ಎಲ್ಲ ಹೊಟ್ಟೆ ಮೇಲಾಗಿ. ಊರಿಗೆ ಊರೇ ಏರಿಯ ಮೇಲೆ ಬಂದು ನಿಂತಿತು. ಮೀನಿನ ಗುತ್ತಿಗೆ ಹಿಡಿದಿದ್ದವನು ಅಧ್ಯಕ್ಷನ ಹೆಂಡತಿಯ ತಮ್ಮ. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

ಅಧ್ಯಕ್ಷ ಬಂದ. ನೀರು ನೋಡಲಿಲ್ಲ, ಜನರನ್ನು ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ಅವ್ವನ ಮೇಲೆ ನಿಂತಿತು.

"ನಿನ್ನೆ ಸಂಜಿಕ ಪಂಪ್ ಎಲ್ಲಿ ತೊಳದಿ?"

"ಇಲ್ಲೇ ಕೆರ್ಯಾಗ ತೊಳದೆ ಅಧ್ಯಕ್ಷರ. ನೀವ ಹೇಳಿದ್ರಲ್ಲ, ಕೆರ್ಯಾಗ ತೊಳಕೊಂಡು ಬಾ ಅಂತ."

"ನಾ ಹೇಳಿದ್ದು ದಂಡಿ ಮ್ಯಾಲೆ ತೊಳಿ ಅಂತ. ನೀರಿನ್ಯಾಗ ಅದ್ದು ಅಂತ ಹೇಳಿದ್ದೆನೇನು?" ಆಮೇಲೆ ಜನರ ಕಡೆ ತಿರುಗಿ, "ಕೇಳಿದ್ರಿಲ್ಲೋ? ಆಕಿ ಬಾಯಿಲೇ ಕೇಳಿದ್ರಿ," ಅಂದ.

ಕೇಳಿದರು. ಯಾರೂ ಒಂದು ಮಾತು ಆಡಲಿಲ್ಲ. ಅಧ್ಯಕ್ಷ, ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿದರು: ಸತ್ತ ಮೀನನ್ನೆಲ್ಲ ಎತ್ತಿ ಹೂಳಬೇಕಾದವಳು ಅವ್ವ, ಒಬ್ಬಳೇ. ಮುಂದೆ ಹೇಳುವ ತನಕ ಕೆರೆಯ ನೀರು ಮುಟ್ಟುವ ಹಾಗಿಲ್ಲ.

ಎರಡು ದಿನ ಅವ್ವ ಬುಟ್ಟಿಯಲ್ಲಿ ಮೀನು ಹೊತ್ತಳು. ಏರಿಯ ಹಿಂದಿನ ಬಯಲಿನಲ್ಲಿ ಸಲಿಕೆಯಿಂದ ಗುಂಡಿ ತೋಡಿದಳು. ನಾನು ಬುಟ್ಟಿ ಹಿಡಿಯಲು ಹೋದರೆ ಕೈ ತಳ್ಳಿದಳು.

"ನೀ ಮುಟ್ಟಬ್ಯಾಡ. ಈ ವಾಸನಿ ನಿನ್ನ ಕೈಗೆ ಬ್ಯಾಡ."

ಎರಡನೆಯ ದಿನದ ಬಿಸಿಲಿಗೆ ಮೀನು ಹಿಡಿದರೆ ಬೆರಳು ಒಳಗೆ ಹೋಗುವಂತಾಗಿತ್ತು. ದಾರಿಯಲ್ಲಿ ಹೋಗುವವರು ಸೆರಗು, ಟವೆಲು ಮೂಗಿಗೆ ಹಿಡಿದು ನಡೆದರು. ಅಧ್ಯಕ್ಷ ಸಂಜೆ ಬಂದು ಗುಂಡಿಯ ಆಳ ನೋಡಿ, "ಇನ್ನೊಂದೀಟು ತೋಡು, ನಾಯಿ ಕೆದರ್ತಾವ," ಅಂದು ಹೋದ. ಏರಿಯ ಮೇಲೆ ಕುಡಿಯುವ ನೀರಿನ ತಂಬಿಗೆ ಹಿಡಿದು ಕುಳಿತಿದ್ದ ನಾನು ಆ ಹೊತ್ತಿನಲ್ಲಿ ದೇವರ ಹತ್ತಿರ ನ್ಯಾಯ ಕೇಳಲಿಲ್ಲ. ಇವನ ಕೈಯಲ್ಲಿ ಇದೇ ಸಲಿಕೆ ನೋಡಬೇಕು ಎಂದಷ್ಟೇ ಅಂದುಕೊಂಡೆ. ಹದಿನಾರು ವರ್ಷದವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಆಮೇಲೂ ಬಹಳ ವರ್ಷ ಇರಲಿಲ್ಲ.

ಹಂಸಭಾವಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದೆ. ವಿಜ್ಞಾನವನ್ನೇ ತೆಗೆದುಕೊಂಡೆ. ಹಿರೇಕೆರೂರಿನಲ್ಲಿ ಡಿಗ್ರಿ, ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಗೆಳತಿಯರು ಯಾಕೆ ಇಷ್ಟು ಓದುತ್ತೀ ಎಂದರೆ ನೌಕರಿಗೆ ಅನ್ನುತ್ತಿದ್ದೆ. ಅದು ಅರ್ಧ ನಿಜ. ಓದುತ್ತ ನಿದ್ದೆ ಬಂದಾಗ ನನ್ನನ್ನು ಎಬ್ಬಿಸುತ್ತಿದ್ದದ್ದು ಅವನ "ಇನ್ನೊಂದೀಟು ತೋಡು".

ಧಾರವಾಡದಲ್ಲಿ ಒಂದು ದಿನ ನೀರಿನಲ್ಲಿ ಕರಗಿದ ಆಮ್ಲಜನಕದ ಪಾಠ ನಡೆದಿತ್ತು. ಗೊಬ್ಬರ ಹೆಚ್ಚಾಗಿ ಸೇರಿದ ನೀರಿನಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ, ಹಗಲು ಬಿಸಿಲಿದ್ದಾಗ ಉಸಿರು ಕೊಡುತ್ತದೆ, ಕತ್ತಲಾದ ಮೇಲೆ ಅದೇ ಪಾಚಿ ಇದ್ದ ಉಸಿರನ್ನೆಲ್ಲ ಎಳೆದುಕೊಳ್ಳುತ್ತದೆ. ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದರೆ ಹಗಲಿನ ಗಳಿಕೆಯೂ ಇಲ್ಲ. ಬೆಳಗಾಗುವಷ್ಟರಲ್ಲಿ ಮೀನಿಗೆ ಉಸಿರಿಲ್ಲ. ಇಷ್ಟು ಹೇಳಿ ಮೇಷ್ಟ್ರು ಒಂದು ಮಾತು ಸೇರಿಸಿದರು: ಉಸಿರುಗಟ್ಟಿ ಸಾಯುವಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತದೆ, ವಿಷ ಬಿದ್ದರೆ ದೊಡ್ಡದು ಸಣ್ಣದು ಎನ್ನದೆ ಎಲ್ಲವೂ ಹೋಗುತ್ತವೆ, ನೀರಿನ ಹುಳುಹುಪ್ಪಟೆ ಕೂಡ.

ಆ ಶನಿವಾರವೇ ಬಸ್ಸು ಹತ್ತಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಲು ತೊಳೆಯದೆ ಒಳಗೆ ಹೋಗಿ ಕೇಳಿದೆ.

"ಅವ್ವಾ, ಅವತ್ತು ನೀ ಹೂಳಿದ ಮೀನು ಎಂಥಾವಿದ್ವು? ದೊಡ್ಡವೋ ಸಣ್ಣವೋ?"

ಅವಳ ಕೈ ನಿಂತಿತು. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

"ದೊಡ್ಡವ. ಸಣ್ಣ ಮರಿ ಒಂದೂ ಇದ್ದಿದ್ದಿಲ್ಲ. ದಂಡಿಗುಂಟ ಸಣ್ಣವು ಬಾಯಿ ತಕ್ಕೊಂಡು ಮ್ಯಾಲ ಬಂದು ಗಾಳಿ ಗುಟುಕಸಾಕತ್ತಿದ್ವು. ಹೊತ್ತೇರಿದ ಮ್ಯಾಲ ಚಲೋ ಆಗಿ ಓಡಾಡಿದ್ವು."

"ಕಪ್ಪಿ?"

"ಕಪ್ಪಿಗೇನಾಗಿತ್ತು? ವಟಾ ವಟಾ ಅಂತಿದ್ವು. ಮೀಸಿ ಮೀನು ಸೈತ ಸತ್ತಿದ್ದಿಲ್ಲ, ಕೆಸರಿನ್ಯಾಗ ಇದ್ವು." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ಯಾಕ ಕೇಳ್ತಿ?" ಅಂದಳು.

"ಅವನ್ನ ನೀ ಕೊಂದಿಲ್ಲ ಅವ್ವಾ."

"ನನಗ ಗೊತ್ತಿತ್ತಲ್ಲ," ಅಂದಳು ಅವ್ವ. "ನಾ ಅಷ್ಟೂ ಮೀನು ಎತ್ತೀನಿ. ಎತ್ತಿದಾಕಿಗೆ ಗೊತ್ತಾಗಲ್ಲೇನು?"

ಊರಿನಲ್ಲಿ ಆ ಸಾವನ್ನು ಕೈಯಾರೆ ಮುಟ್ಟಿ ನೋಡಿದವಳು ಇವಳೊಬ್ಬಳೇ. ಅವಳನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ಒಂದು ಪಂಪು ತೊಳೆದ ನೀರು ಅಷ್ಟು ದೊಡ್ಡ ಕೆರೆಯಲ್ಲಿ ಎಷ್ಟು ತೆಳುವಾಗುತ್ತದೆ ಎಂದು ಧಾರವಾಡಕ್ಕೆ ಹಿಂತಿರುಗಿದ ಮೇಲೆ ಲೆಕ್ಕ ಹಾಕಿದೆ. ಅದರಿಂದ ಅಷ್ಟು ಮೀನು ಸಾಯುವುದು ಸಾಧ್ಯವಿರಲಿಲ್ಲ. ಆ ಹಾಳೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಊರಿನಿಂದಲೇ ಓಡಾಡಬಹುದಾಗಿತ್ತು. ಅಲ್ಲಿ ಸಮಾಜಶಾಸ್ತ್ರ ಕಲಿಸುವ ಒಬ್ಬ ಮೇಡಂ ಇದ್ದರು. ಸವಣೂರಿನವರು, ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಊಟವಾದ ಮೇಲೆ ಡಬ್ಬಿಯಿಂದ ಒಂದು ವೀಳ್ಯದೆಲೆ ತೆಗೆದು ಮಡಚುವವರೆಗೆ ಮಾತಾಡುತ್ತಿರಲಿಲ್ಲ. ನನ್ನನ್ನು ತಂಗಿ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರಿಗೆ ಎಲ್ಲ ಹೇಳಿದೆ. ಪೆಟ್ಟಿಗೆಯ ಹಾಳೆಯನ್ನೂ ತೋರಿಸಿದೆ. ಗ್ರಾಮಸಭೆಯಲ್ಲಿ ಇದನ್ನು ಅವನ ಮುಖದ ಮೇಲೆ ಒಗೆಯುತ್ತೇನೆ ಅಂದೆ.

ಅವರು ಹಾಳೆಯನ್ನು ಪೂರ್ತಿ ನೋಡಿ ಮರಳಿ ಕೊಟ್ಟರು.

"ಮೀನು ಹೆಂಗ ಸತ್ತವು ಅಂತ ಇದರಾಗ ಐತಿ. ಖರೇ. ಆದ್ರ ನಿಮ್ಮವ್ವನ್ನ ಯಾಕ ಹಿಡದ್ರು ಅನ್ನೋದನ್ನ ಯಾವ ಬಾಟ್ಲ್ಯಾಗ ತುಂಬಿ ನೋಡ್ತಿ ತಂಗಿ?"

"ಯಾಕಂದ್ರ ಅವ ಕೆಟ್ಟವ ಅದಾನ."

"ಕೆಟ್ಟವರು ಎಲ್ಲಾ ಊರಾಗೂ ಇರ್ತಾರ. ಒಬ್ಬವ ಬಟ್ಟ ಮಾಡಿ ತೋರಿಸಿದ ಕೂಡ್ಲೆ ಇಡೀ ಊರು ಯಾಕ ಬಾಯಿ ಮುಚ್ಚಿಕೊಂಡು ಕುಂತಿತು? ಅದನ್ನ ಹುಡುಕಬೇಕು. ಇಲ್ಲಾಂದ್ರ ನಾಳೆ ನೀ ಹಾಳಿ ಒಗದ್ರ, ಅವ ಇನ್ನೊಂದು ಬಟ್ಟ ಮಾಡ್ತಾನ."

ಅವರು ಹೇಳಿದಂತೆ ನಡೆದೆವು. ನನ್ನ ವಿದ್ಯಾರ್ಥಿನಿಯರು ಬಾಟಲಿ, ಮೀಟರು ಹಿಡಿದು ನೀರಿಗೆ ಇಳಿದರು. ಅವರ ವಿದ್ಯಾರ್ಥಿನಿಯರು ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆಗೆ ಹೋದರು. ಶುರು ಮಾಡುವ ಮುಂಚೆ ಮೇಡಂ ನನ್ನಿಂದ ಮಾತು ತೆಗೆದುಕೊಂಡರು: ಯಾರು ಏನು ಹೇಳಿದರು ಎಂದು ಹೆಸರು ಹಿಡಿದು ಎಲ್ಲಿಯೂ ಹೇಳಕೂಡದು. "ಅವರು ನಮ್ಮನ್ನ ನಂಬಿ ಹೇಳ್ತಾರ." ನಾನು ಹೂಂ ಅಂದೆ. ಮನಸ್ಸಿನಲ್ಲಿ ಬೇರೆಯದೇ ಇತ್ತು.

ನೀರು ನಾನು ಅಂದುಕೊಂಡಂತೆಯೇ ಹೇಳಿತು. ಬೇಸಿಗೆಯಲ್ಲಿ ಕೆರೆ ಬಟಾಣಿ ಸಾರಿನ ಬಣ್ಣಕ್ಕೆ ತಿರುಗುತ್ತಿತ್ತು. ಮಧ್ಯಾಹ್ನ ಮೀಟರಿನ ಮುಳ್ಳು ಮೇಲೆ, ನಸುಕಿನಲ್ಲಿ ಕೆಳಗೆ. ಸುತ್ತಲಿನ ಹೊಲಗಳ ಯೂರಿಯಾ ಹಳ್ಳಗುಂಟ ಹರಿದು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮೀನು ಬೇಗ ಬಲಿಯಲಿ ಎಂದು ಗುತ್ತಿಗೆದಾರ, ಎಂದರೆ ಅಧ್ಯಕ್ಷನ ಮೈದುನ, ಕೋಳಿ ಫಾರ್ಮಿನ ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ತಂದು ನೀರಿಗೆ ಸುರಿಯುತ್ತಿದ್ದ. ಫಾರ್ಮು ಅಧ್ಯಕ್ಷನದೇ. ಮೀನು ಹರಿದುಹೋಗಬಾರದೆಂದು ಕೋಡಿಗೂ ಕಲ್ಲು ಸಿಮೆಂಟು ಏರಿಸಿದ್ದರು. ಮೊದಲು ಮಳೆಗಾಲದಲ್ಲಿ ಕೋಡಿ ಬಿದ್ದು ಹಳೆಯ ನೀರು ಕೊಚ್ಚಿಹೋಗುತ್ತಿತ್ತು, ಈಗ ಕೊಳಕೆಲ್ಲ ಅಲ್ಲೇ ತಳಕ್ಕೆ ಕೂರುತ್ತಿತ್ತು.

ನನ್ನ ಎದೆಗೆ ಚುಚ್ಚಿದ್ದು ಮಾತ್ರ ಮನೆಗಳಿಂದ ಬಂದ ಹಾಳೆಗಳು. "ಎಣ್ಣಿ ಪಂಪ್ ಎಲ್ಲಿ ತೊಳೀತೀರಿ?" ಎಂಬುದೊಂದು ಪ್ರಶ್ನೆ. ಹೆಚ್ಚುಕಡಿಮೆ ಪ್ರತಿ ಮನೆಯ ಹಾಳೆಯಲ್ಲೂ ಒಂದೇ ಉತ್ತರ: ಕೆರೆಯಲ್ಲಿ. ಒಬ್ಬ ಮುದುಕ ಹುಡುಗಿಯರನ್ನೇ ಗದರಿಸಿದ್ದ: "ಮತ್ತೆಲ್ಲಿ ತೊಳೀಬೇಕು? ನಿಮ್ಮ ಕಾಲೇಜಿಗೆ ಬಂದು ತೊಳೀಲೇನು?" ಎಲ್ಲರೂ ತಮ್ಮ ಅಪ್ಪಂದಿರ ಕಾಲದಿಂದಲೂ ಅಲ್ಲೇ ತೊಳೆಯುತ್ತಾ ಬಂದವರು. ಆ ಸಂಜೆ ಅವ್ವನ ಜೊತೆಗೆ ಇನ್ನೆಷ್ಟು ಜನ ತೊಳೆದಿದ್ದರೋ.

ನಮ್ಮ ಹಿಂದಿನ ಓಣಿಯ ಒಬ್ಬ ಮುದುಕಿ ಮೇಡಮ್ಮನವರ ಕೈ ಹಿಡಿದು ಹೇಳಿದ್ದಳಂತೆ. ಅದನ್ನು ಅವರು ನನಗೆ ಹೆಸರಿಲ್ಲದೆ ಓದಿ ಹೇಳಿದರು. ಹೆಸರಿಲ್ಲದಿದ್ದರೂ ಯಾರ ಮಾತೆಂದು ನನಗೆ ತಿಳಿಯಿತು.

"ಆಕಿದು ತಪ್ಪಿಲ್ಲ ಅಂತ ನಮಗ ಗೊತ್ತಿತ್ತವಾ. ಆದ್ರ ಬಾಯಿ ಬಿಟ್ರ, ನಿನ್ನ ಗಂಡ ಎಲ್ಲಿ ತೊಳದ ಅಂತ ನನಗ ಕೇಳ್ತಿದ್ರು. ಆಕಿಗೇನು, ಹಿಂದ ಮುಂದ ಯಾರೂ ಇರಲಿಲ್ಲ. ಎರಡು ದಿನದ ಕೆಲಸ, ಮಾಡಿ ಮುಗಸಲಿ ಅಂತ ಸುಮ್ಮನಾದ್ವಿ. ಅದಕ್ಕಿಂತ ಮೊದಲ, ಟ್ರ್ಯಾಕ್ಟರ್ ಗೊಬ್ಬರ ಯಾಕ ಹಾಕ್ತೀರಿ, ನೀರು ನಾರಾಕತ್ತೈತಿ ಅಂತ ಒಂದಿಬ್ಬರು ಅಧ್ಯಕ್ಷರನ್ನ ಕೇಳಾಕತ್ತಿದ್ರು. ಮೀನು ಸತ್ತ ಮ್ಯಾಲ ಎಲ್ಲಾರೂ ಕೇಳ್ತಿದ್ರು. ಅಷ್ಟರಾಗ ಆಕಿ ಸಿಕ್ಳು."

ಆಕೆ ಸಿಕ್ಕಳು. ಅಷ್ಟೇ. ನನ್ನ ದ್ವೇಷ ಅಲ್ಲಿಯ ತನಕ ಒಬ್ಬನ ಮೇಲಿತ್ತು, ಅಂದಿನಿಂದ ಇಡೀ ಊರಿಗೆ ಹರಡಿತು. ಬೆಳಿಗ್ಗೆ ಬಸ್ಸಿಗೆ ನಿಂತಾಗ "ಕಾಲೇಜಿಗೆ ಹೊಂಟ್ರ್ಯಾ ಮೇಡಂ?" ಎಂದು ನಗುವ ಪ್ರತಿ ಮುಖವನ್ನೂ ನೋಡಿ, ನೀನೂ ತೊಳೆದವನೇ, ನೀನೂ ಸುಮ್ಮನಿದ್ದವಳೇ ಎಂದು ಒಳಗೊಳಗೇ ಎಣಿಸುತ್ತಿದ್ದೆ.

ಗ್ರಾಮಸಭೆಯಲ್ಲಿ ನಾವು ವರದಿ ಓದಿದೆವು. ಕೊಟ್ಟ ಮಾತಿನಂತೆ ಹೆಸರು ಹೇಳಲಿಲ್ಲ. ಪಾಚಿ, ಉಸಿರು, ಯೂರಿಯಾ, ಕೋಳಿ ಗೊಬ್ಬರ, ಕೋಡಿ. ಪಂಪು ತೊಳೆಯುವ ಮಾತೂ ಬಂತು, ಎಲ್ಲರೂ ಕೆರೆಯಲ್ಲೇ ತೊಳೆಯುತ್ತಾರೆ ಎಂದಾಗ ಜನ ಕಾಲಿನ ಕಡೆ ನೋಡಿಕೊಂಡರು. ಜನರಿಗೆ ನೆನಪು ಉಳಿದದ್ದು ಕೋಳಿ ಗೊಬ್ಬರ ಒಂದೇ. ಅದು ಉಳಿಯುವಂತೆ ನಾನೇ ಮಾಡಿದ್ದೆ. ಉಳಿದದ್ದನ್ನು ಒಂದು ಸಲ ಹೇಳಿದರೆ ಅದನ್ನು ಮೂರು ಸಲ ಹೇಳಿದೆ, ಅಧ್ಯಕ್ಷನ ಮುಖ ನೋಡುತ್ತಲೇ ಹೇಳಿದೆ. ಅವನು ಎದ್ದು, "ಓದಿದವರು ಹೇಳ್ತೀರಿ, ನಿಲ್ಲಸ್ತೇವಿ ಬಿಡ್ರಿ," ಅಂದ. ನನ್ನ ಅವ್ವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಇಲ್ಲ. ಕೆರೆಯ ನೀರು ಮುಟ್ಟಬಾರದು ಎಂದಿದ್ದರಲ್ಲ, ಇನ್ನು ಮುಟ್ಟಬಹುದು ಅಂತಲೂ ಯಾರೂ ಹೇಳಲಿಲ್ಲ.

ಮುಂದಿನ ಬೇಸಿಗೆಗೆ, ಎಂದರೆ ಈಗ ಎರಡು ವರ್ಷದ ಹಿಂದೆ, ಮೀನು ಮತ್ತೆ ಸತ್ತವು.

ಮೇ ತಿಂಗಳ ಕೊನೆ. ಮೂರು ದಿನ ಮೋಡ, ಆಮೇಲೆ ಗಾಳಿ ಸಮೇತ ಒಂದು ದೊಡ್ಡ ಮಳೆ. ಮರುದಿನ ಬೆಳಿಗ್ಗೆ ನನಗೆ ಫೋನು ಬಂತು. ಏರಿಯ ಮೇಲೆ ಹೋಗಿ ನಿಂತಾಗ ಮೂಗಿಗೆ ಹೊಡೆದ ವಾಸನೆಗೆ ನಾನು ಮತ್ತೆ ಹದಿನಾರು ವರ್ಷದವಳಾದೆ. ಆದರೆ ಈ ಸಲ ಜನರ ಕಣ್ಣು ಬೇರೆ ಕಡೆ ಇತ್ತು. ಅಧ್ಯಕ್ಷನನ್ನು ನಡುವೆ ಹಾಕಿಕೊಂಡು ನಿಂತಿದ್ದರು.

"ಕೋಳಿ ಗೊಬ್ಬರ ಹಾಕಿ ಹಾಕಿ ಕೆರಿ ಕೆಡಿಸಿದ್ರಿ ನೀವು!"

"ಈ ವರ್ಷ ನಾ ಒಂದ ಬುಟ್ಟಿನೂ ಹಾಕಿಲ್ರೋ. ದೇವರಾಣಿ ಹಾಕಿಲ್ಲ."

"ಹಾಕಲಾರದ ಮೀನು ಹೆಂಗ ಸತ್ವು ಮತ್ತ?"

ಅವನು ಹೇಳುತ್ತಿದ್ದದ್ದು ನಿಜ. ಅದು ನನಗೆ ಗೊತ್ತಿತ್ತು. ನನ್ನ ವಿದ್ಯಾರ್ಥಿನಿಯರು ಆ ವರ್ಷವೂ ವಾರಕ್ಕೊಮ್ಮೆ ಕೆರೆಗೆ ಬರುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಪ್ರತಿ ವಾರದ ಮುಂದೆ "ಗೊಬ್ಬರ ಹಾಕಿಲ್ಲ" ಎಂದು ಬರೆದಿದ್ದರು. ನೋಟ್‌ಬುಕ್ಕು ನನ್ನ ಚೀಲದಲ್ಲೇ ಇತ್ತು. ಈ ಸಲ ಆದದ್ದು ಬೇರೆ. ವರ್ಷಗಟ್ಟಲೆ ತಳದಲ್ಲಿ ಕೂತಿದ್ದ ಕೊಳಕನ್ನು ಆ ಗಾಳಿಮಳೆ ಕಲಕಿ ಮೇಲಕ್ಕೆ ತಂದಿತ್ತು. ಅದರಲ್ಲಿ ಅವನ ಹಳೆಯ ಗೊಬ್ಬರವೂ ಇತ್ತು, ಎಲ್ಲರ ಹೊಲದ ಯೂರಿಯಾವೂ ಇತ್ತು, ಎಲ್ಲರೂ ಸೇರಿ ಒಪ್ಪಿ ಏರಿಸಿದ ಕೋಡಿಯ ಪಾಲೂ ಇತ್ತು.

ಜನ ನನ್ನ ಕಡೆ ತಿರುಗಿದರು. ಒಬ್ಬ ಕೇಳಿದ:

"ಮೇಡಂ, ನೀವ ಹೇಳ್ರಿ. ಕೋಳಿ ಗೊಬ್ಬರದಿಂದ ಹಿಂಗ ಆಗ್ತೈತಿ ಅಂತ ನೀವ ಹೇಳಿದ್ರಿಲ್ಲೋ?"

ಅಧ್ಯಕ್ಷ ನನ್ನನ್ನು ನೋಡಿದ. ಅವನಿಗೆ ಆಗ ಅರವತ್ತೈದು ದಾಟಿತ್ತು. ಆ ನೋಟದಲ್ಲಿ ಬೇಡಿಕೆ ಇತ್ತು. ಅಲ್ಲ ಎಂದು ಒಂದು ಮಾತು ನಾನು ಅಂದಿದ್ದರೆ ಜನ ಕೇಳುತ್ತಿದ್ದರು. ಓದಿದವಳು ಎಂಬ ಮರ್ಯಾದೆ ಅಷ್ಟೊತ್ತಿಗೆ ನನಗೆ ಬಂದಿತ್ತು.

"ಹೌದು," ಅಂದೆ. "ಕೋಳಿ ಗೊಬ್ಬರದಿಂದ ಹಿಂಗ ಆಗ್ತದ."

ಸುಳ್ಳಲ್ಲ. ಅವ್ವ ಪಂಪು ತೊಳೆದದ್ದೂ ಸುಳ್ಳಾಗಿರಲಿಲ್ಲ.

ಮುಂದಿನದನ್ನು ಊರೇ ಮಾಡಿತು. ಯಾರೋ ಸಲಿಕೆ ತಂದರು. ಮೈದುನ ಆಗಲೇ ಗಾಡಿ ಹತ್ತಿ ಹೋಗಿದ್ದ. ಅಧ್ಯಕ್ಷನ ಮಗ ನಡುವೆ ಬರಲು ಹೋದರೆ, "ನೀ ಸರಿ, ಹಾಕಿದವ ಎತ್ತಲಿ," ಎಂದು ನೂಕಿದರು. ಅಂದು ಗುಡಿಯ ಕಟ್ಟೆಯ ಮೇಲೆ ಅವನ ಮಗ್ಗುಲಲ್ಲಿ ಕುಳಿತು ಅವ್ವನಿಗೆ ಶಿಕ್ಷೆ ಹೇಳಿದ್ದವರೇ ಈಗ ಅವನಿಗೆ ಬಾಯಿ ಮಾಡಿದರು. ಅವನು ಧೋತರ ಮೇಲೆ ಕಟ್ಟಿ ನೀರಿಗೆ ಇಳಿದ.

ನಾನು ಮನೆಗೆ ಓಡಿದೆ. ಅವ್ವ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

"ಅವ್ವಾ ಏಳು. ಕೆರಿಗೆ ಹೋಗೋಣು."

"ಕೆರಿಗೆ ನಾ ಯಾಕ?"

"ಅಧ್ಯಕ್ಷ ಮೀನು ಎತ್ತಾಕತ್ತಾನ."

ಅವಳು ಮೊರ ಕೆಳಗಿಟ್ಟಳು. ಸೀರೆ ಝಾಡಿಸಿಕೊಂಡಳು. ಒಳಗೆ ಹೋಗಿ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಏರಿಯನ್ನು ಹತ್ತಿದ್ದು ಅದೇ ಮೊದಲು. ಒಂದು ಕಲ್ಲಿನ ಮೇಲೆ ನೆಟ್ಟಗೆ ಕುಳಿತಳು. ಜನ ಸರಿದು ಅವಳಿಗೆ ಜಾಗ ಕೊಟ್ಟರು. ಅವರಿಗೂ ನೆನಪಿತ್ತು ಎಂಬುದು ಆಗ ಗೊತ್ತಾಯಿತು. ಮಧ್ಯಾಹ್ನದ ತನಕ ಅವ್ವ ಕದಲಲಿಲ್ಲ. ಅವನು ಬುಟ್ಟಿ ಹೊತ್ತು ಏರಿ ಹತ್ತುವಾಗ, ಇಳಿಯುವಾಗ, ಸಲಿಕೆ ಊರಿ ಏದುಸಿರು ಬಿಡುವಾಗ ನೋಡುತ್ತಲೇ ಇದ್ದಳು. ಹಸಿವಾದಾಗ ಗಂಟು ಬಿಚ್ಚಿ ರೊಟ್ಟಿ ತಿಂದಳು. ಆ ವಾಸನೆಯಲ್ಲಿ ಇನ್ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ.

ಅವನು ಒಮ್ಮೆ ನಮ್ಮ ಕಲ್ಲಿನ ಹತ್ತಿರವೇ ಹಾದುಹೋದ. ತಲೆ ಎತ್ತಲಿಲ್ಲ. ಅವ್ವ ಕೂಗಿ ಹೇಳಿದಳು:

"ಅಧ್ಯಕ್ಷರ, ಆಳ ತೋಡ್ರಿ. ನಾಯಿ ಕೆದರ್ತಾವ."

ನಾನು ಆ ಕ್ಷಣ ಪಟ್ಟ ಸುಖವನ್ನು ಮುಚ್ಚಿಟ್ಟು ಬರೆಯಲಾರೆ. ನನಗೆ ನೌಕರಿಯ ಆದೇಶ ಬಂದ ದಿನವೂ ಅಷ್ಟು ಸುಖವಾಗಿರಲಿಲ್ಲ.

ಸುದ್ದಿ ಕೇಳಿ ಮೇಡಂ ಹಾನಗಲ್ಲಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದರು. ಕೆರೆಯಲ್ಲಿದ್ದವನನ್ನು ನೋಡಿದರು, ಅವ್ವನನ್ನು ನೋಡಿದರು. ನನ್ನನ್ನು ಆಚೆಗೆ ಕರೆದು ಕೈ ಚಾಚಿದರು.

"ನೋಟ್‌ಬುಕ್ ಕೊಡು."

ಕೊಟ್ಟೆ. ನಿಂತಲ್ಲೇ ಹಾಳೆ ತಿರುವಿದರು.

"ಇದರಾಗ ಇದ್ದದ್ದನ್ನ ನೀ ಯಾಕ ಹೇಳಲಿಲ್ಲ?"

"ನಮ್ಮವ್ವನ ಪರವಾಗಿ ಯಾರು ಹೇಳಿದ್ರು ಮೇಡಂ?"

"ಯಾರೂ ಹೇಳಲಿಲ್ಲ. ಗೊತ್ತಿದ್ದವರೆಲ್ಲಾ ತಮ್ಮ ಮನಿ ಉಳಿಸಿಕೊಂಡ್ರು. ಇವತ್ತು ಗೊತ್ತಿದ್ದಾಕಿ ನೀ ಒಬ್ಬಾಕಿ. ನಿನಗ ಯಾರ ಅಂಜಿಕಿ ಇತ್ತು?"

"ಅಂಜಿಕಿ ಇರಲಿಲ್ಲ. ಅವನಿಗೆ ಆಗಲಿ ಅಂತ ಇತ್ತು."

"ಅದ ನನಗ ಹೆಚ್ಚು ಕೆಟ್ಟ ಅನಸ್ತದ ತಂಗಿ," ಅಂದರು. "ಈಗ ಹೋಗಿ ಹೇಳು. ಇನ್ನೂ ಅರ್ಧ ಮೀನು ನೀರಾಗ ಅದಾವ. ಊರಿನವರೆಲ್ಲಾ ಕೂಡಿ ಎತ್ತಲಿ."

"ಮುಗೀಲಿ. ಆಮ್ಯಾಲ ಹೇಳ್ತೇನಿ."

ಅವರು ಏರಿ ಇಳಿದು, ಚಪ್ಪಲಿ ಕಳೆದು, ಸೆರಗು ಸಿಕ್ಕಿಸಿಕೊಂಡು ತಾವೇ ನೀರಿಗೆ ಇಳಿದು ಮೀನು ಎತ್ತತೊಡಗಿದರು. ಜನ ಗಲಿಬಿಲಿಗೊಂಡರು. ಒಂದಿಬ್ಬರು ಹೆಂಗಸರು ಅವರ ಹಿಂದೆ ಇಳಿದರು, ಆಮೇಲೆ ಅಧ್ಯಕ್ಷನ ಮಗ. ನಾನು ಇಳಿಯಲಿಲ್ಲ. ಅವ್ವನ ಪಕ್ಕದಲ್ಲಿ ಕುಳಿತೇ ಇದ್ದೆ. ಅವ್ವ ಮೇಡಮ್ಮನವರನ್ನು ಬಹಳ ಹೊತ್ತು ನೋಡಿ, "ಆಕಿ ಕೈಗೆ ವಾಸನಿ ಹತ್ತತೈತಿ," ಅಂದಳು. ಅಷ್ಟೇ ಅಂದಳು.

ಮೂರು ದಿನ ಬಿಟ್ಟು ವರದಿ ಬರೆದೆ. ಆ ವರ್ಷ ಗೊಬ್ಬರ ಹಾಕಿರಲಿಲ್ಲ, ತಳದ ಕೊಳಕು ಕಲಕಿದ್ದೇ ಕಾರಣ, ಅದರಲ್ಲಿ ಎಲ್ಲರ ಪಾಲೂ ಇದೆ ಎಂದು ತಿಳಿಯುವ ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿದೆ. ಅದರ ಕೆಳಗೆ ಇನ್ನೊಂದು ಹಾಳೆ: ಮೊದಲನೆಯ ಸಲ ಮೀನು ಸತ್ತಾಗ ಪಂಪು ತೊಳೆದ ನೀರು ಕಾರಣವಲ್ಲ ಎಂಬುದರ ಲೆಕ್ಕ, ಅದರ ಜೊತೆ, ಹೂಳಿದವಳು ಕಂಡದ್ದು ಇಷ್ಟು ಎಂದು ಅವ್ವನ ಮಾತು. ಆ ಮೂರು ದಿನ ನನಗೆ ಬೇರೆ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ಕೆಲಸವೇನೂ ಇರಲಿಲ್ಲ. ಅವನ ಬೆನ್ನು ನೋವು ಇಳಿಯುವ ಮುಂಚೆ ಅವನು ನಿರಪರಾಧಿ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಹಾಳೆ ಓದಿ ಊರು ತಣ್ಣಗಾಯಿತು. ಒಬ್ಬನ ತಲೆಗೆ ಕಟ್ಟಲು ಬಾರದ ತಪ್ಪಿನ ಮುಂದೆ ಜನಕ್ಕೆ ಸಿಟ್ಟು ಬರುವುದಿಲ್ಲ, ಬೇಸರ ಬರುತ್ತದೆ. ಆ ಬೇಸರದಲ್ಲೇ ಒಂದಿಷ್ಟು ಕೆಲಸವಾಯಿತು. ಕೋಡಿಯ ಮೇಲಿನ ಸಿಮೆಂಟು ಒಡೆದರು. ಹೂಳು ಒಂದು ಬದಿಯಿಂದ ತೆಗೆದು ಹೊಲಗಳಿಗೆ ಹಾಕಿಕೊಂಡರು. ಪಂಪು ತೊಳೆಯಲು ಕೆರೆಯಿಂದ ದೂರ ಒಂದು ತೊಟ್ಟಿ ಕಟ್ಟಿದರು, ಅರ್ಧ ಜನ ಅಲ್ಲಿ ತೊಳೆಯುತ್ತಾರೆ, ಅರ್ಧ ಜನ ಈಗಲೂ ಕೆರೆಗೇ ಹೋಗುತ್ತಾರೆ. ಅಧ್ಯಕ್ಷ ಸಂಘ ಬಿಟ್ಟ. ಊರು ಮಾತ್ರ ಅವನನ್ನು ಈಗಲೂ ಅಧ್ಯಕ್ಷ ಅಂತಲೇ ಕರೆಯುತ್ತದೆ.

ಮೇಡಂ ಮುಂದಿನ ವರ್ಷ ಶಿಗ್ಗಾಂವಿಗೆ ವರ್ಗ ಮಾಡಿಸಿಕೊಂಡರು. ಸವಣೂರು ಅಲ್ಲಿಂದ ಹತ್ತಿರ, ಅದೇ ಕಾರಣ ಅಂದರು. ಹೋಗುವ ದಿನ ನನಗೆ ಎಲೆಯ ಡಬ್ಬಿ ಚಾಚಿದರು, ಒಂದು ಎಲೆ ತೆಗೆದುಕೊಂಡೆ. ಫೋನು ಮಾಡಿದರೆ ಎತ್ತುತ್ತಾರೆ, ಕ್ಷೇಮ ಕೇಳುತ್ತಾರೆ, ತಂಗಿ ಅನ್ನುವುದಿಲ್ಲ. ಇದೊಂದು ನನಗೆ ನೋವು. ಅಧ್ಯಕ್ಷನ ವಿಷಯದಲ್ಲಿ ಇಲ್ಲ. ಹುಡುಕಿದರೂ ಸಿಗುವುದಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅವನು ಕಾಲೇಜಿಗೆ ಬಂದ. ಕೈಯಲ್ಲಿ ಒಂದು ಬಾಟಲಿ ನೀರು. ಅವನ ಮೊಮ್ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳಂತೆ. ಎದೆಹಾಲು ಸಾಲದೆ ಕೂಸಿಗೆ ಪುಡಿಹಾಲು ಕಲಸಿ ಕೊಡಬೇಕಾಗಿತ್ತು. ಮನೆಯ ಬೋರಿನ ನೀರು ಆದೀತೋ ಇಲ್ಲವೋ ನೋಡಿ ಹೇಳಬೇಕು.

"ಕುಂದರ್ರಿ," ಎಂದು ವರಾಂಡದ ಬೆಂಚು ತೋರಿಸಿ ಒಳಗೆ ಹೋದೆ. ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಫಲಿತಾಂಶ ಬಂದ ಮೇಲೂ ನಾನು ಒಂದು ಪೂರ್ತಿ ಪಾಠ ಮುಗಿಸಿ ಹೊರಗೆ ಬಂದೆ. ಅವನು ಬೆಂಚಿನ ತುದಿಯಲ್ಲಿ ಹಾಗೇ ಕುಳಿತಿದ್ದ. ನೀರಿನಲ್ಲಿ ನೈಟ್ರೇಟು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಫಾರ್ಮಿನ ಗೊಬ್ಬರದ ತಿಪ್ಪೆ ಅವನ ಬೋರಿನ ಮಗ್ಗುಲಲ್ಲೇ ಇದೆ. ಕೂಸಿಗೆ ಈ ನೀರು ಒಂದು ಹನಿಯೂ ಕೊಡಬೇಡಿ, ಕಾಯಿಸಿದರೆ ಹೋಗುವುದಿಲ್ಲ, ತಿಪ್ಪೆ ದೂರ ಮಾಡಿರಿ ಎಂದು ಕಾಗದದ ಮೇಲೆ ಬರೆದು, ಬಾಯಲ್ಲೂ ಎರಡು ಸಲ ಹೇಳಿದೆ. ಅವನು ಕಾಗದ ಮಡಚಿ ಜೇಬಿಗಿಟ್ಟ.

"ಉಪಕಾರ ಆತ್ರಿ ಮೇಡಂ."

"ಹೋಗಿ ಬರ್ರಿ," ಅಂದೆ.

ಸಂಜೆ ಅವ್ವನಿಗೆ ಹೇಳಿದೆ. ಅವಳು ಕೈಕೆಲಸ ಬಿಟ್ಟು ಕೇಳಿದಳು.

"ಕೂಸಿಗೇನೂ ಆಗಿಲ್ಲಲ್ಲ?"

"ಇಲ್ಲವಾ. ಇನ್ನೂ ಆ ನೀರು ಕೊಟ್ಟಿದ್ದಿಲ್ಲಂತ."

"ಚಲೋ ಆತು," ಅಂದಳು. ಕೆಲಸಕ್ಕೆ ಮರಳುತ್ತ ಮತ್ತೆ ಕೇಳಿದಳು:

"ಅವನ್ನ ಎಷ್ಟೊತ್ತು ಕುಂದರಿಸಿದ್ದಿ?"

"ಒಂದು ತಾಸು."

"ಎರಡು ತಾಸು ಕುಂದರಸಬೇಕಿತ್ತು," ಅಂದಳು ಅವ್ವ.